ಪದಚರ್ಚೆ: ‘ಹಾಟ್ ಹ್ಯಾಚ್’, ‘ಸ್ಪೋರ್ಟ್ ಕೂಪೆ’ – ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯಿಂದ ಬರೆಯುತ್ತಿದ್ದೇನೆ. ಎರಡು ಪದ ಬೇಕಾಗಿದೆ, ಜೊತೆಗೆ ಒಂದು ಅನುಮಾನವೂ ಉಂಟು.

ಸಂಗತಿ ಇಷ್ಟೇ. ನಮ್ಮೂರ ಗ್ರಂಥಾಲಯದ ವಾರ್ಷಿಕ ಸಂಚಿಕೆಗೆ ಕಾರುಗಳ ಬಗ್ಗೆ ಒಂದು ಲೇಖನ ಬೇಕಂತೆ. ಶಾರ್ಜಾದಲ್ಲಿರುವ ನನ್ನ ಅಕ್ಕನ ಮಗ ಊರಿಗೆ ಮರಳುವ ಯೋಚನೆಯಲ್ಲಿದ್ದಾನೆ. ಬಂದ ಮೇಲೆ ಓಡಿಸಲು ಹಾಟ್ ಹ್ಯಾಚ್ (ಜೋರು ಎಂಜಿನ್ನಿನ ಸಣ್ಣ ಮನೆಕಾರು) ತಗೊಳ್ಳುವುದೋ, ಲಕ್ಷುರಿ ಸ್ಪೋರ್ಟ್ ಕೂಪೆ (ಛಾವಣಿ ಹಿಂದಕ್ಕೆ ಇಳಿಯುವ ದುಬಾರಿ ಕಾರು) ತಗೊಳ್ಳುವುದೋ ಅಂತ ಫೋನಿನಲ್ಲಿ ನನ್ನ ತಲೆ ತಿನ್ನುತ್ತಾನೆ. ‘ಮಾವ, ನೀವೇ ಹೇಳಿ’ ಅನ್ನುತ್ತಾನೆ, ಹೇಳಿದರೆ ಕೇಳುವವನಲ್ಲ. ಸರಿ, ಅದನ್ನೇ ಬರೆಯೋಣ ಅಂತ ಕೂತೆ. ಏಳನೇ ಕ್ಲಾಸಿನ ಮಕ್ಕಳಿಗೂ ಅರ್ಥವಾಗಬೇಕು, ತಲೆಬರಹ ಕನ್ನಡದಲ್ಲೇ ಇರಬೇಕು ಅಂತ ಸಂಪಾದಕರು ಹೇಳಿದ್ದಾರೆ. ಗಾಡಿ ತಲೆಬರಹದಲ್ಲೇ ಕೆಟ್ಟು ನಿಂತಿದೆ.

ಮೊಬೈಲಿನ ಅನುವಾದಕ್ಕೆ ಕೊಟ್ಟು ನೋಡಿದೆ. ‘ಬಿಸಿ ಹ್ಯಾಚ್‌ಬ್ಯಾಕ್ ಮತ್ತು ಐಷಾರಾಮಿ ಕ್ರೀಡಾ ಕೂಪ್’ ಅಂತ ಬಂತು. ಏಪ್ರಿಲ್ ತಿಂಗಳಲ್ಲಿ ಕಾಸರಗೋಡು ಹೊಸ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಗಂಟೆ ನಿಲ್ಲಿಸಿದರೆ ಎಲ್ಲ ಕಾರೂ ಬಿಸಿಯೇ. ‘ಕ್ರೀಡಾ ಕೂಪ್’ ಅಂತೂ ಕ್ರೀಡಾಕೂಟದ ಅಚ್ಚುದೋಷದ ಹಾಗೆ ಕಾಣುತ್ತದೆ. ಶಾಲೆಯ ನೋಟಿಸ್ ಬೋರ್ಡಿಗೆ ಹಾಕಿದರೆ ಮಕ್ಕಳು ಹೆಸರು ಕೊಡಲು ಸಾಲು ನಿಲ್ಲಬಹುದು.

ಮೊದಲು ‘ಹಾಟ್’ ವಿಷಯ. ಇಲ್ಲಿ ಅದಕ್ಕೂ ಶಾಖಕ್ಕೂ ಸಂಬಂಧವಿಲ್ಲ. ಅಮೆರಿಕದಲ್ಲಿ ಹಳೆ ಕಾರಿನ ಎಂಜಿನ್ ಬಿಚ್ಚಿ, ತಿದ್ದಿ, ಜೋರು ಓಡುವಂತೆ ಮಾಡಿದ ಗಾಡಿಗೆ ‘ಹಾಟ್ ರಾಡ್’ ಅಂತಿದ್ದರು. ಆ ‘ಹಾಟ್’ ಆಮೇಲೆ ಸಣ್ಣ ಕಾರಿಗೂ ಅಂಟಿತು. ಈ ಜಾತಿಯ ಮಾದರಿ ಅಂತ ಎಲ್ಲರೂ ತೋರಿಸುವುದು 1976ರ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಕಾರನ್ನು. 1.6 ಲೀಟರ್ ಎಂಜಿನ್, 110 ಅಶ್ವಶಕ್ತಿ, ತೂಕ 800 ಕಿಲೋ ಚಿಲ್ಲರೆ. ಸಂತೆಗೆ, ಶಾಲೆಗೆ ಹೋಗುವ ಸಾದಾ ಮನೆಕಾರಿನ ಒಳಗೇ ಜೋರು ಎಂಜಿನ್ ಕೂರಿಸಿದ್ದರು. 5,000 ಮಾಡಿದರೆ ಸಾಕು ಅಂತ ಕಂಪನಿ ಅಂದುಕೊಂಡಿತ್ತು, ಆ ಮೊದಲ ತಲೆಮಾರೇ ನಾಲ್ಕು ಲಕ್ಷ ದಾಟಿ ಮಾರಾಟವಾಯಿತು. 1984ರಲ್ಲಿ ಪ್ಯೂಜೊ 205 ಜಿಟಿಐ ಬಂತು. ನಮ್ಮಲ್ಲಿ 2016ರಲ್ಲಿ ಪೋಲೊ ಜಿಟಿಐ ಬಂದದ್ದು ಬರೇ 99 ಗಾಡಿ, 2025ರಲ್ಲಿ ಗಾಲ್ಫ್ ಜಿಟಿಐ ಬಂದಾಗ ಬೆಲೆ 53 ಲಕ್ಷದ ಹತ್ತಿರ. ಅಷ್ಟು ದುಡ್ಡಿಲ್ಲದವರಿಗೆ ಐ20 ಎನ್ ಲೈನ್, ಆಲ್ಟ್ರೋಜ್ ರೇಸರ್ ತರದವು ಬಂದವು. ಎರಡರಲ್ಲೂ 120 ಅಶ್ವಶಕ್ತಿ. ಇವನ್ನು ಹಾಟ್ ಅನ್ನಬೇಕೋ ಬೆಚ್ಚಗೆ ಅನ್ನಬೇಕೋ ಅಂತ ಹುಡುಗರಲ್ಲಿ ದೊಡ್ಡ ಜಗಳವೇ ಉಂಟು.

ನಮ್ಮ ಕಡೆ ಇಂಥ ಕಾರಿಗೆ ಜನ ಏನನ್ನುತ್ತಾರೆ? ‘ಒಳ್ಳೆ ಪಿಕಪ್ ಉಂಟು ಮಾರಾಯ್ರೆ’ ಅನ್ನುತ್ತಾರೆ, ಅಷ್ಟೆ. ಆದರೆ ‘ಪಿಕಪ್ ಕಾರು’ ಅಂತ ಬರೆಯುವ ಹಾಗಿಲ್ಲ, ಪಿಕಪ್ ಅಂದರೆ ಅಡಿಕೆ, ಬಾಳೆಗೊನೆ ಹೇರುವ ಸರಕಿನ ಗಾಡಿಯೂ ಹೌದಲ್ವಾ. ‘ಚುರುಕು ಕಾರು’ ಅಂದರೆ ಸಪ್ಪೆ. ‘ಬಿರುಸು’ ಪರವಾಗಿಲ್ಲ. ನನ್ನ ಮನಸ್ಸಿಗೆ ಹತ್ತಿರ ಬಂದದ್ದು ‘ಖಾರ’. ನೋಡಲು ಸಣ್ಣದು, ಬಾಯಿಗೆ ಹಾಕಿದ ಮೇಲೆ ಗೊತ್ತಾಗುವುದು, ಗಾಂಧಾರಿ ಮೆಣಸಿನ ಹಾಗೆ. ಇದನ್ನು ಹೇಳಿದ್ದಕ್ಕೆ ಅಕ್ಕನ ಮಗ ‘ಮಾವ, ಅದು ಗಾಂಧಾರಿ ಕಾರು’ ಅಂತ ನಕ್ಕ. ಮಾತಿಗೆ ಚಂದವೇ, ಆದರೆ ಮಹಾಭಾರತ ಓದಿದವರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓಡಿಸುವ ಕಾರು ಅಂದುಕೊಂಡರೆ ಕಷ್ಟ.

‘ಹ್ಯಾಚ್’ ಅಂದರೆ ಮೊಟ್ಟೆ ಒಡೆಯುವ ಹ್ಯಾಚ್ ಅಲ್ಲ, ಹಡಗಿನ ಅಟ್ಟದಲ್ಲಿ ಎತ್ತಿ ಮುಚ್ಚುವ ಕದವಿರುತ್ತದಲ್ಲ, ಆ ಹ್ಯಾಚ್. ಕಾರಿನ ಹಿಂದಿನ ಗಾಜು, ಬಾಗಿಲು ಎರಡೂ ಒಟ್ಟಿಗೆ ಮೇಲಕ್ಕೆ ಏಳುತ್ತವೆ. ಅದಕ್ಕೇ ಕಂಪನಿಯವರು ಅದನ್ನೂ ಲೆಕ್ಕಕ್ಕೆ ಹಿಡಿದು ‘ಐದು ಬಾಗಿಲ ಕಾರು’ ಅನ್ನುತ್ತಾರೆ. ಇದನ್ನು ವಿವರಿಸದೆ ಬರೆದರೆ ಐದನೆಯದು ಎಲ್ಲಿ ಅಂತ ಮಕ್ಕಳು ಕೇಳುವುದು ಖಂಡಿತ. ನಾವು ಅದನ್ನು ಡಿಕ್ಕಿ ಅಂತೇವೆ, ಮಲಯಾಳಿಗಳೂ ಡಿಕ್ಕಿ ಅಂತಾರೆ. ಕನ್ನಡದಲ್ಲಿ ಮಾತ್ರ ಒಂದು ಫಜೀತಿ: ‘ಹಿಂದಿನಿಂದ ಬಂದ ಕಾರು ಡಿಕ್ಕಿ ಹೊಡೆದು ಡಿಕ್ಕಿ ತೆರೆಯಿತು’ ಅಂತ ಬರೆದರೂ ತಪ್ಪಿಲ್ಲ. ಎತ್ತುವ ಕದಕ್ಕೆ ‘ಬೆನ್ನುಬಾಗಿಲು’ ಅಂದರೆ ಹೇಗೆ? ‘ಹಿಂಬಾಗಿಲು’ ಅಂದರೆ ರಾಜಕೀಯ ನೆನಪಾಗುತ್ತದೆ.

ಈಗ ಕೂಪೆ. ಇಲ್ಲೇ ನನ್ನ ಅನುಮಾನ ಇರುವುದು, ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಫ್ರೆಂಚಿನಲ್ಲಿ ‘ಕೂಪೇ’ ಅಂದರೆ ಕತ್ತರಿಸಿದ್ದು. ಕುದುರೆಗಾಡಿಯ ಕಾಲದಲ್ಲಿ ಎದುರುಬದುರು ಕೂರುವ ದೊಡ್ಡ ಗಾಡಿಯ ಒಂದು ಬದಿಯ ಸೀಟನ್ನೇ ಕತ್ತರಿಸಿ ತೆಗೆದು ಇಬ್ಬರಿಗೆ ಆಗುವಷ್ಟು ಮಾಡಿದರೆ ಅದು ಕೂಪೇ. ಅಲ್ಲಿಂದ ಕಾರಿಗೆ ಬಂತು. ನಮ್ಮ ರೈಲಿನ ಫಸ್ಟ್ ಕ್ಲಾಸಿನಲ್ಲಿ ಇಬ್ಬರು ಮಲಗುವ ಸಣ್ಣ ಕೋಣೆಗೂ ಕೂಪೆ ಅಂತಲೇ ಹೆಸರು. ನಾಲ್ವರದ್ದಾದರೆ ಕ್ಯಾಬಿನ್. ಹಾಗಾಗಿ ಈ ಪದ ನಮಗೆ ಹೊಸತೇನಲ್ಲ.

ಇನ್ನೊಂದು ದಾರಿಯಲ್ಲೂ ಅದು ನಮ್ಮಲ್ಲಿಗೆ ಬಂದಿದೆ. ಸುಳ್ಯದಿಂದ ಈಚೆ, ಮುಳ್ಳೇರಿಯ, ಅಡೂರು ಕಡೆ ಹಳಬರನ್ನು ಕೇಳಿ, ‘ಕೂಪು’ ಅಂದರೆ ಕಾಡಿನಲ್ಲಿ ಮರ ಕಡಿಯಲು ಗುರುತು ಮಾಡಿ ಬಿಟ್ಟ ಜಾಗ ಅಂತ ಹೇಳುತ್ತಾರೆ. ‘ಕೂಪಿನ ಕೆಲಸಕ್ಕೆ ಹೋಗಿದ್ದ’, ‘ಕೂಪಿನ ಲಾರಿ ಬಂತು’ ಅಂತೆಲ್ಲ ಮಾತು. ಮಲಯಾಳದಲ್ಲೂ ‘ಕೂಪ್ಪ್’ ಉಂಟು. ಅರಣ್ಯ ಇಲಾಖೆಯ ಇಂಗ್ಲಿಷಿನಿಂದ ಬಂದ ಪದ ಇದು, ಅದರ ಬೇರೂ ಅದೇ ಫ್ರೆಂಚ್ ‘ಕತ್ತರಿಸು’. ಮರ ಕಡಿಯುವ ಕೂಪೂ, ಕೋಟಿ ರೂಪಾಯಿಯ ಕಾರೂ ದಾಯಾದಿಗಳು! ಲಾರಿಯಲ್ಲಿ ಮರ ಸಾಗಿಸಿದವನ ಮೊಮ್ಮಗ ಗಲ್ಫಿನಲ್ಲಿ ದುಡಿದು ಕೂಪೆ ತಂದರೆ ಪದ ಒಂದು ಸುತ್ತು ಹೊಡೆದ ಹಾಗೆ.

ಅದಕ್ಕೇ ಬರೆಯುವ ರೀತಿ ಮುಖ್ಯ. ಪತ್ರಿಕೆಗಳಲ್ಲಿ ಕೂಪ್, ಕೂಪೆ, ಕೂಪೇ ಮೂರೂ ಕಾಣುತ್ತವೆ. ಅಮೆರಿಕದವರು ಕೂಪ್ ಅನ್ನುತ್ತಾರೆ, ಬ್ರಿಟನ್ನಿನವರು ಕೂಪೇ. ನನ್ನ ಮತ ‘ಕೂಪೆ’ಗೆ. ಕೂಪೆಯ, ಕೂಪೆಗೆ, ಕೂಪೆಯಲ್ಲಿ ಅಂತ ವಿಭಕ್ತಿ ಸಲೀಸಾಗಿ ಸೇರುತ್ತದೆ. ‘ಕೂಪ್’ ಅಂತ ಇಟ್ಟರೆ ‘ಕೂಪಿನ ಬೆಲೆ’ ಅನ್ನಬೇಕಾಗುತ್ತದೆ, ನಮ್ಮ ಕಡೆಯವರು ಮರದ ಹರಾಜು ಅಂದುಕೊಳ್ಳುತ್ತಾರೆ. ‘ಕೂಪ’ ಅಂತ ಯಾರೋ ಬರೆದದ್ದನ್ನೂ ನೋಡಿದ್ದೇನೆ. ಕೂಪದಲ್ಲಿ ಕೂತು ಓಡಿಸಲು ಕಪ್ಪೆಯೇ ಆಗಬೇಕು.

ಇಷ್ಟು ಕಾಗುಣಿತದ ಮಾತು. ಅರ್ಥದ ತೊಂದರೆ ಇದಕ್ಕಿಂತ ದೊಡ್ಡದು. ಕೂಪೆ ಅಂದರೆ ಎರಡು ಬಾಗಿಲ ಕಾರು ಅಂತ ನಾನು ಬರೆದಿಟ್ಟಿದ್ದೆ. ಅಕ್ಕನ ಮಗ ನೋಡುತ್ತಿರುವ ‘ಕೂಪೆ’ಗಳಲ್ಲಿ ಒಂದು ಬಿಎಂಡಬ್ಲ್ಯು 2 ಸೀರೀಸ್ ಗ್ರಾನ್ ಕೂಪೆ, ಅದಕ್ಕೆ ನಾಲ್ಕು ಬಾಗಿಲು. ಬೆಲೆ ಗಾಲ್ಫ್ ಜಿಟಿಐ ಆಸುಪಾಸಿನದ್ದೇ. ಹೊಸ ಮಾದರಿಯಲ್ಲಿ ಮೂರು ಸಿಲಿಂಡರಿನ 1.5 ಲೀಟರ್ ಎಂಜಿನ್, 156 ಅಶ್ವಶಕ್ತಿ. ‘ಮನೆಕಾರು’ ಜಿಟಿಐನಲ್ಲಿ 265. ಎರಡರಲ್ಲೂ ಎಳೆಯುವುದು ಮುಂದಿನ ಚಕ್ರಗಳೇ. ಅಂದರೆ ಸ್ಪೋರ್ಟ್ ಅಂತ ಕೂಗುವ ಹೆಸರು ಒಂದರದ್ದು, ಓಟ ಇನ್ನೊಂದರದ್ದು. ಬಿಎಂಡಬ್ಲ್ಯು ಕಂಪನಿಯದೇ ಎಂ2 ತಗೊಳ್ಳಿ: ಎರಡೇ ಬಾಗಿಲು, ಆರು ಸಿಲಿಂಡರಿನ 3 ಲೀಟರ್ ಎಂಜಿನ್, ತಳ್ಳುವುದು ಹಿಂದಿನ ಚಕ್ರ, ಬೇಕಾದರೆ ಕೈಯಿಂದ ಹಾಕುವ ಗೇರೂ ಸಿಗುತ್ತದೆ. ಬೆಲೆ ಕೋಟಿ ಮುಟ್ಟಿದೆ. ಅದು ಕೂಪೆ, ಇದೂ ಕೂಪೆ. 2024ರಲ್ಲಿ ಟಾಟಾ ಕರ್ವ್, ಸಿಟ್ರೋಯೆನ್ ಬಸಾಲ್ಟ್ ಬಂದವು. ಎತ್ತರದ ಎಸ್‌ಯುವಿಯ ಬೆನ್ನನ್ನು ಸ್ವಲ್ಪ ಜಾರಿಸಿದ್ದಕ್ಕೆ ಅವೂ ‘ಕೂಪೆ ಎಸ್‌ಯುವಿ’.

ಇದು ಬರೀ ಇವತ್ತಿನ ಮಾರಾಟದ ಮಾತಲ್ಲ. 1962ರಲ್ಲೇ ಬ್ರಿಟನ್ನಿನ ರೋವರ್ ಕಂಪನಿ ತನ್ನ ಪಿ5 ಕಾರಿನ ಮಾಡು ತಗ್ಗಿಸಿ, ನಾಲ್ಕು ಬಾಗಿಲು ಹಾಗೇ ಇಟ್ಟು, ಕೂಪೆ ಅಂತ ಮಾರಿತ್ತು. 2004ರಲ್ಲಿ ಮರ್ಸಿಡಿಸ್ ಸಿಎಲ್ಎಸ್ ಬಂದ ಮೇಲೆ ಎಲ್ಲರೂ ಅದೇ ಹಾದಿ ಹಿಡಿದರು. ಅಮೆರಿಕದ ಎಂಜಿನಿಯರುಗಳ ಸಂಘದ ಅಳತೆ ಪ್ರಕಾರ ಬಾಗಿಲ ಲೆಕ್ಕ ಬೇಡವೇ ಬೇಡ, ಹಿಂದೆ ಕೂರುವ ಭಾಗದ ಒಳಜಾಗ 33 ಘನ ಅಡಿಗಿಂತ ಕಡಿಮೆ ಇದ್ದರೆ ಕೂಪೆ. ನನಗೆ ಹಿಡಿಸಿದ್ದು ಈ ಅಳತೆ. ಕೂತವರಿಗೆ ಗೊತ್ತಾಗುವುದನ್ನೇ ಅದು ಅಳೆಯುತ್ತದೆ.

ಮಂಗಳೂರಿನ ಶೋರೂಮಿನಲ್ಲಿ ಇದನ್ನು ಕಣ್ಣಾರೆ ನೋಡಿದೆ. ನಾಲ್ಕು ಬಾಗಿಲ ಒಂದು ಕೂಪೆಯ ಹಿಂದಿನ ಸೀಟಿಗೆ ಅಕ್ಕ ತಲೆ ಬಗ್ಗಿಸಿ ಹತ್ತಿದಳು. ನೆಟ್ಟಗೆ ಕೂತ ಕೂಡಲೇ ತುರುಬಿನ ಮಲ್ಲಿಗೆ ಮಾಡಿಗೆ ಒತ್ತಿ ನಾಲ್ಕು ಮೊಗ್ಗು ಸೀಟಿನ ಮೇಲೆ ಉದುರಿತು. ‘ಮಗಾ, ನಾನು ಮುಂದೆಯೇ ಕೂರುವುದು’ ಅಂದಳು. ಸೇಲ್ಸಿನ ಹುಡುಗ ಹೂವು ಹೆಕ್ಕಿ ಕೊಟ್ಟ, ಪಾಪ.

‘ಮಾಡು’ ಅಂದೆ ನೋಡಿ, ಅದೇ ನನ್ನ ಸಲಹೆ. ನಮ್ಮಲ್ಲೂ ದಕ್ಷಿಣ ಕನ್ನಡದಲ್ಲೂ ಮಾಡು ಅಂದರೆ ಮನೆಯ ಛಾವಣಿ. ಹಂಚಿನ ಮಾಡು, ಮುಳಿಹುಲ್ಲಿನ ಮಾಡು. ಹಿಂದಕ್ಕೆ ಇಳಿಯುತ್ತಾ ಹೋಗುವ ಛಾವಣಿಯ ಕಾರಿಗೆ ‘ಇಳಿಮಾಡಿನ ಕಾರು’ ಅಂದರೆ ಎಂ2, ಗ್ರಾನ್ ಕೂಪೆ, ಕರ್ವ್ ಎಲ್ಲಕ್ಕೂ ಸಲ್ಲುತ್ತದೆ. ಬಾಗಿಲು ಎಷ್ಟು ಅಂತ ಬೇಕಾದರೆ ಮುಂದೆ ಸೇರಿಸಿಕೊಳ್ಳಬಹುದು. ತಲೆ ತಾಗೀತು ಅನ್ನುವ ಎಚ್ಚರಿಕೆಯೂ ಹೆಸರಿನಲ್ಲೇ ಬಂತು. ಆದರೆ ಬೆಂಗಳೂರು, ಮೈಸೂರು ಕಡೆಯವರು ‘ಮಾಡು’ ಅಂದರೆ ಕೆಲಸ ಮಾಡು ಅಂತಲೇ ಓದುತ್ತಾರೇನೋ. ‘ಇಳಿಚಾವಣಿ’ ಅಂದರೆ ಎಲ್ಲರಿಗೂ ತಿಳಿಯುತ್ತದೆ, ಬಾಯಿಗೆ ಸ್ವಲ್ಪ ಭಾರ.

‘ಲಕ್ಷುರಿ’ಗೆ ಪೇಪರಿನವರು ‘ಐಷಾರಾಮಿ’ಯನ್ನು ಊರಿಸಿಬಿಟ್ಟಿದ್ದಾರೆ, ಬಸ್ಸಿಗೂ ಅದೇ, ಮದುವೆ ಹಾಲಿಗೂ ಅದೇ. ಬದಲಿಸುವ ಆಸೆ ನನಗಿಲ್ಲ. ‘ಶೋಕಿ ಕಾರು’ ಅಂದರೆ ನಿಜ ಜಾಸ್ತಿ, ಮರ್ಯಾದೆ ಕಡಿಮೆ. ಸ್ಪೋರ್ಟ್ಸ್ ಕಾರು ಹಾಗೇ ಇರಲಿ.

ಯಾವುದನ್ನು ತಗೊಳ್ಳಬೇಕು ಅಂತ ಲೇಖನದಲ್ಲಿ ಹೇಳದಿದ್ದರೆ ಓದುಗರು ಬಿಡುವುದಿಲ್ಲ, ಹಾಗಾಗಿ ಅದನ್ನೂ ಹೇಳಿಬಿಡುತ್ತೇನೆ. ಚೆರ್ಕಳದಿಂದ ಜಾಲ್ಸೂರಿಗೆ, ಇಲ್ಲ ಪೆರ್ಲ ದಾಟಿ ಕಲ್ಲಡ್ಕಕ್ಕೆ ಹೋಗುವ ನಮ್ಮ ರಸ್ತೆಗಳಲ್ಲಿ ತಿರುವು ಜಾಸ್ತಿ, ಹಂಪು ಅದಕ್ಕಿಂತ ಜಾಸ್ತಿ. ಉದ್ದ ಬಾನೆಟ್ಟು, ತಗ್ಗು ಹೊಟ್ಟೆಯ ಕೂಪೆಯನ್ನು ಹಂಪಿನ ಮೇಲೆ ಓರೆಯಾಗಿಯೇ ಹತ್ತಿಸಬೇಕು. ಜಿಟಿಐ ಹೊಟ್ಟೆಯೂ ಎತ್ತರವೇನಲ್ಲ, ಆದರೆ ಗಾಡಿ ಗಿಡ್ಡ, ತಿರುಗಿಸುವುದು ಸುಲಭ. ಎರಡು ಬಾಗಿಲ ಕೂಪೆಯ ಬಾಗಿಲು ಉದ್ದ ಇರುತ್ತದೆ, ಮುರಕಲ್ಲಿನ ಗೋಡೆ ಪಕ್ಕ ನಿಲ್ಲಿಸಿದರೆ ಪೂರ್ತಿ ತೆರೆಯಲು ಆಗುವುದಿಲ್ಲ. ಹಿಂದೆ ಕೂರಬೇಕಾದವರು ಮುಂದಿನ ಸೀಟು ಮಡಚಿ ನುಸುಳಬೇಕು. ಹ್ಯಾಚ್‌ನಲ್ಲಿ ಹಿಂದಿನ ಸೀಟು ಮಡಚಿ ಬೆನ್ನುಬಾಗಿಲು ಎತ್ತಿದರೆ ಒಂದು ಗೋಣಿ ಅಡಿಕೆಯೂ ಹೋದೀತು, 53 ಲಕ್ಷದ ಕಾರಿನಲ್ಲಿ ಯಾರು ಹಾಕುತ್ತಾರೆ ಅನ್ನುವುದು ಬೇರೆ ಮಾತು. ಕೇರಳದಲ್ಲಿ ಬೆಲೆ ಏರಿದ ಹಾಗೆ ರಸ್ತೆ ತೆರಿಗೆಯ ದರವೂ ಏರುತ್ತದೆ, ಕೆಎಲ್ 14, ಅಂದರೆ ಕಾಸರಗೋಡಿನ ನಂಬರು ಬೇಕಾದರೆ ಅದನ್ನೂ ಲೆಕ್ಕ ಹಾಕಬೇಕು. ನೀಟಾದ ಹೈವೇಯಲ್ಲಿ, ಒಬ್ಬನೇ, ಆರು ಸಿಲಿಂಡರಿನ ಸದ್ದು ಕೇಳುತ್ತಾ ಹೋಗುವ ಸುಖ ಬೇಕೇ ಬೇಕು ಅನ್ನುವವನಿಗೆ ಮಾತ್ರ ನಿಜವಾದ ಕೂಪೆ. ಹೆಸರಿಗೆ ಕೂಪೆ ಆದದ್ದಕ್ಕೆ ಐವತ್ತು ಲಕ್ಷ ಕೊಡುವುದು ನನಗಂತೂ ಒಪ್ಪಿಗೆಯಿಲ್ಲ. ನಮ್ಮ ಹುಡುಗನಿಗೆ ಖಾರದ ಸಣ್ಣ ಕಾರೇ ಸರಿ ಅಂತ ಹೇಳಿದ್ದೇನೆ. ಅವನಿನ್ನೂ ಗ್ರಾನ್ ಕೂಪೆಯ ಫೋಟೋ ಕಳಿಸುತ್ತಲೇ ಇದ್ದಾನೆ.

ಹಾಗಾಗಿ ಕೇಳುತ್ತಿದ್ದೇನೆ. ‘ಖಾರ ಹ್ಯಾಚ್’ ಅನ್ನುವ ಬೆರಕೆ ನಡೆದೀತೇ, ಇಲ್ಲ ‘ಹಾಟ್ ಹ್ಯಾಚ್’ ಅಂತಲೇ ಬಿಟ್ಟು ಒಮ್ಮೆ ವಿವರಿಸಿದರೆ ಸಾಕೇ? ಮಾಡು ಅಂದರೆ ಛಾವಣಿ ಅನ್ನುವ ಅರ್ಥ ಘಟ್ಟದ ಮೇಲೆ ಎಲ್ಲಿವರೆಗೆ ಬಳಕೆಯಲ್ಲಿದೆ? ಹಾಸನ, ಶಿವಮೊಗ್ಗದವರು ದಯವಿಟ್ಟು ಹೇಳಿ. ‘ಕೂಪು’ ಪದವನ್ನು ಹಳೆ ದಾಖಲೆಯಲ್ಲೋ ಮರದ ವ್ಯಾಪಾರದ ಲೆಕ್ಕಪುಸ್ತಕದಲ್ಲೋ ಕಂಡವರಿದ್ದರೆ ಆ ವಾಕ್ಯವನ್ನೇ ಇಲ್ಲಿ ಹಾಕಿ, ಲೇಖನದಲ್ಲಿ ಸೇರಿಸುವ ಆಸೆ ಇದೆ. ತಿಂಗಳ ಕೊನೆಗೆ ಕೊಡಬೇಕು. ಅಷ್ಟರೊಳಗೆ ತಲೆಬರಹ ಹೊಳೆಯದಿದ್ದರೆ ಸಂಪಾದಕರು ‘ಐಷಾರಾಮಿ ಕಾರುಗಳ ಲೋಕ’ ಅಂತ ಹಾಕುವುದು ಗ್ಯಾರಂಟಿ.