ಸಹಾಯ ಬೇಕು: ಟಾರ್ಚಿನ ಹನ್ನೊಂದು ಸೆಲ್‌ಗಳನ್ನು ನಿಭಾಯಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಎರಡು ದಿನ ಬರುವುದಿಲ್ಲ. ರಾತ್ರಿ ತೋಟಕ್ಕೆ ಹಂದಿ ನುಗ್ಗಿದರೆ ಟಾರ್ಚೇ ಗತಿ. ಹೀಗೆ 18650 ಅಳತೆಯ ಹನ್ನೊಂದು ಲಿಥಿಯಂ ಅಯಾನ್ ಸೆಲ್‌ಗಳು ಮನೆಯಲ್ಲಿ ಸೇರಿಕೊಂಡಿವೆ. ಹೊಸದು ಯಾವುದು, ಹಳೆಯದು ಯಾವುದು, ದೇವರಿಗೇ ಗೊತ್ತು. ಎರಡರ ಮೇಲೆ ಸಾಮರ್ಥ್ಯ 9900 ಎಂಎಎಚ್ (ಮಿಲಿಆಂಪಿಯರ್ ಅವರ್) ಎಂದು ಅಚ್ಚಾಗಿದೆ, ಹಸಿ ಸುಳ್ಳು! ಈ ಗಾತ್ರದ ಒಳ್ಳೆಯ ಸೆಲ್ಲೇ 3500ರ ಆಸುಪಾಸು.

ಕಳೆದ ವಾರ ಅಪ್ಪ ಒಂದು ಸೆಲ್ಲನ್ನು ಬೀಗದ ಕೈ ಗೊಂಚಲಿನೊಂದಿಗೆ ಜೇಬಿಗೆ ಹಾಕಿಕೊಂಡಿದ್ದರು. ತೊಡೆ ಸುಡತೊಡಗಿದಾಗ ಅಂಗಳಕ್ಕೆ ಎಸೆದರು. ನೋಡಿದರೆ ಧನ ತುದಿಯ ಬಳಿ ಹೊದಿಕೆ ಹರಿದಿತ್ತು. ಸೆಲ್ಲಿನ ಮೈಯೆಲ್ಲ ಋಣ ತುದಿಯೇ ಎಂಬುದು ನನಗೆ ತಿಳಿದದ್ದು ಆಗ.

ಈಗ ಚಾರ್ಜರನ್ನು ಕಡಪಾ ಕಲ್ಲಿನ ಮೇಲಿಟ್ಟು, ಎಚ್ಚರವಿದ್ದಾಗ ಮಾತ್ರ ಚಾರ್ಜ್ ಮಾಡುತ್ತೇನೆ. ಪೂರ್ತಿ ತುಂಬಿ 4.2 ವೋಲ್ಟ್ ಆದೊಡನೆ ತೆಗೆಯುತ್ತೇನೆ. ಆದರೆ ಒಂದು ಸೆಲ್ ಇಳಿಯಬಾರದಷ್ಟು ಕೆಳಗೆ, 1.9 ವೋಲ್ಟಿಗೆ ಇಳಿದಿದೆ. ಚಾರ್ಜರ್ ಅದನ್ನು ಸ್ವೀಕರಿಸುತ್ತದೆ, ನನಗೇ ಧೈರ್ಯವಿಲ್ಲ. ಎಸೆಯಲೇ? ಎಸೆಯುವುದಾದರೆ ಶಿವಮೊಗ್ಗದಲ್ಲಿ ಇಂಥವನ್ನು ಯಾರು ತೆಗೆದುಕೊಳ್ಳುತ್ತಾರೆ?

ಇನ್ನೊಂದು ಗೊಂದಲ. ಬಳಸದೆ ಇಡುವ ಸೆಲ್ 3.7ರಿಂದ 3.8 ವೋಲ್ಟಿನಲ್ಲಿದ್ದರೆ ಬಾಳಿಕೆ ಹೆಚ್ಚಂತೆ. ಆದರೆ ಕರೆಂಟ್ ಹೋದ ರಾತ್ರಿ ಅರ್ಧ ತುಂಬಿದ ಸೆಲ್ ಹಿಡಿದು ಏನು ಮಾಡಲಿ? ಎರಡು ಸೆಲ್ಲಿನ ಟಾರ್ಚಿಗೆ ಜೋಡಿ ತಪ್ಪದಂತೆ ಗುರುತು ಹಾಕಿ ಜೋಡಿಸಿಡುವ ನಿಮ್ಮ ಕ್ರಮವನ್ನೂ ತಿಳಿಸಿ. ಸದ್ಯಕ್ಕೆ ಎಲ್ಲವೂ ಉಪ್ಪಿನಕಾಯಿ ಭರಣಿಯ ಪಕ್ಕದ ಸ್ಟೀಲ್ ಡಬ್ಬಿಯಲ್ಲಿವೆ. ಸ್ಟೀಲ್ ಡಬ್ಬಿ ತಪ್ಪೆಂದು ಬರೆಯುವಾಗಲೇ ಹೊಳೆಯಿತು, ಬೈಯಬೇಡಿ.