ನೀರಿನ ಅಣು ‘ಬಾಗಿದೆ’ ಅನ್ನಬಹುದಾ?

ಕೆಮಿಸ್ಟ್ರಿ ಪಾಠ ಮಾಡುವವರನ್ನೂ ಪದಗಳ ಬಗ್ಗೆ ತಲೆ ಕೆಡಿಸಿಕೊಳ್ಳುವವರನ್ನೂ ಒಟ್ಟಿಗೇ ಕೇಳುತ್ತಿದ್ದೇನೆ. ನೀರಿನ ಅಣುವಿನ ಆಕಾರಕ್ಕೆ ಕನ್ನಡದಲ್ಲಿ ಏನು ಹೇಳುತ್ತೀರಿ? ಇಂಗ್ಲಿಷಿನ ‘bent’ ಅನ್ನುವುದಕ್ಕೆ ‘ಬಾಗಿದ ಆಕಾರ’ ಅಂತ ಬರೆಯುವುದುಂಟು. ನನಗೆ ಯಾಕೋ ಸರಿ ಕಾಣುತ್ತಿಲ್ಲ.

ಮಂಡ್ಯದಲ್ಲಿ ಪಿಯುಸಿ ಮಕ್ಕಳಿಗೆ ಸಂಜೆ ಪಾಠ ಹೇಳುತ್ತೇನೆ. ಪುಸ್ತಕ ಇಂಗ್ಲಿಷಿನದು, ವಿವರಣೆ ಮಾತ್ರ ಕನ್ನಡದಲ್ಲೇ, ಯಾಕಂದ್ರೆ ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದವರೇ ಜಾಸ್ತಿ. ‘ಬಾಗಿದೆ’ ಅಂದಿದ್ದಕ್ಕೆ ಒಬ್ಬಳು ನೋಟ್ಸಿನಲ್ಲಿ ಬಿಲ್ಲಿನ ಹಾಗೆ ಗೆರೆ ಎಳೆದು, ಎರಡು ತುದಿಗೆ ಹೈಡ್ರೋಜನ್, ನೆತ್ತಿಗೆ ಆಕ್ಸಿಜನ್ ಕೂರಿಸಿದ್ದಳು. ಅವಳದೇನು ತಪ್ಪು? ಗೊನೆ ಭಾರಕ್ಕೆ ಬಾಳೆ ಬಾಗುತ್ತೆ, ವಯಸ್ಸಾದರೆ ಬೆನ್ನು ಬಾಗುತ್ತೆ. ಬಾಗುವುದು ಅಂದರೆ ಮೊದಲು ನೆಟ್ಟಗಿತ್ತು ಅಂತಲೂ ಆಯ್ತಲ್ವಾ? ನೀರಿನ ಅಣು ಯಾವತ್ತೂ ನೆಟ್ಟಗಿರಲಿಲ್ಲ.

ವಿಷಯ ಇಷ್ಟೇ. ಆಕ್ಸಿಜನ್ನಿನ ಹೊರಕವಚದಲ್ಲಿ ನಾಲ್ಕು ಜೋಡಿ ಎಲೆಕ್ಟ್ರಾನ್. ಎರಡು ಜೋಡಿ ಹೈಡ್ರೋಜನ್ ಜೊತೆ ಬಂಧಕ್ಕೆ ಸೇರಿವೆ, ಉಳಿದೆರಡು ಯಾರಿಗೂ ಸೇರದೆ ಆಕ್ಸಿಜನ್ ಹತ್ತಿರವೇ ಇವೆ. ನಾಲ್ಕೂ ಒಂದನ್ನೊಂದು ತಳ್ಳಿಕೊಂಡು ಆದಷ್ಟು ದೂರ ನಿಲ್ಲುತ್ತವೆ. 1940ರಲ್ಲಿ ಸಿಜ್ವಿಕ್ ಮತ್ತು ಪೊವೆಲ್ ಅನ್ನುವ ಕೆಮಿಸ್ಟ್ರಿ ವಿಜ್ಞಾನಿಗಳು ಜೋಡಿಗಳ ಲೆಕ್ಕಕ್ಕೂ ಆಕಾರಕ್ಕೂ ನಂಟು ಹಾಕಿದರು, 1957ರಲ್ಲಿ ಗಿಲೆಸ್ಪಿ ಮತ್ತು ನೈಹೋಮ್ ಅದನ್ನು ಬೆಳೆಸಿದರು. ನಾಲ್ಕು ಜೋಡಿಯೂ ಬಂಧದಲ್ಲಿರುವ ಮೀಥೇನಿನಲ್ಲಿ ಎರಡು ಬಂಧಗಳ ನಡುವಿನ ಕೋನ 109.5 ಡಿಗ್ರಿ. ಬಂಧಕ್ಕೆ ಸೇರದ ಜೋಡಿಯನ್ನು ಹಿಡಿದಿಡಲು ಇರುವುದು ಒಂದೇ ನ್ಯೂಕ್ಲಿಯಸ್, ಹಾಗಾಗಿ ಅದು ಹರಡಿಕೊಂಡು ಜಾಸ್ತಿ ಜಾಗ ಹಿಡಿಯುತ್ತೆ, ಪಕ್ಕದ ಬಂಧಗಳನ್ನು ಒತ್ತುತ್ತೆ. ಅಂಥದ್ದು ಒಂದಿರುವ ಅಮೋನಿಯಾದಲ್ಲಿ ಕೋನ ಸುಮಾರು 107, ಎರಡಿರುವ ನೀರಿನಲ್ಲಿ 104.5. ಕಾರ್ಬನ್ ಡೈಆಕ್ಸೈಡಿನ ನಡುವಿನ ಕಾರ್ಬನ್ನಿಗೆ ಅಂಥ ಜೋಡಿಯೇ ಇಲ್ಲ, ಅದು 180ಕ್ಕೆ ನೇರ. ಆಕಾರಕ್ಕೆ ಹೆಸರಿಡುವಾಗ ಮಾತ್ರ ಪರಮಾಣುಗಳನ್ನಷ್ಟೇ ನೋಡುತ್ತೇವೆ, ಬಂಧಕ್ಕೆ ಸೇರದ ಜೋಡಿಗಳು ಲೆಕ್ಕಕ್ಕಿಲ್ಲ. ಗೊಂದಲ ಅರ್ಧ ಇಲ್ಲೇ ಹುಟ್ಟೋದು.

ಹಾಗಾದರೆ ಏನನ್ನೋಣ? ‘ಡೊಂಕು’ ಅಂದರೆ ನಾಯಿ ಬಾಲ ನೆನಪಾಗುತ್ತೆ, ‘ಸೊಟ್ಟ’ ಅಂದರೆ ಏನೋ ಕೆಟ್ಟಿದೆ ಅಂತ. ‘ಕೋನೀಯ’ ತಪ್ಪಲ್ಲ, ಆದರೆ ಕೋನ ಅಮೋನಿಯಾದಲ್ಲೂ ಇದೆ, ಮೀಥೇನಿನಲ್ಲೂ ಇದೆ. ನಾನೀಗ ‘ಕವೆ’ ಅನ್ನುತ್ತಿದ್ದೇನೆ, ಕೊಂಬೆಯ ಕವೆ. ಎರಡು ನೇರ ತೋಳು ಒಂದು ಬಿಂದುವಿನಲ್ಲಿ ಕೂಡುವುದು ಮಕ್ಕಳಿಗೆ ಥಟ್ಟನೆ ಹೊಳೆಯುತ್ತೆ. ತೊಂದರೆ ಒಂದೇ, ಕವೆಗೆ ಕೆಳಗೊಂದು ಕಾಲಿರುತ್ತೆ, ಅಣುವಿಗಿಲ್ಲ.

ಇನ್ನೊಂದು, ಬಂಧಕ್ಕೆ ಸೇರದ ಆ ಜೋಡಿಗೆ, ಇಂಗ್ಲಿಷಿನ ‘lone pair’ಗೆ, ‘ಒಂಟಿ ಜೋಡಿ’ ಅಂದರೆ ಕ್ಲಾಸೆಲ್ಲ ನಗುತ್ತೆ. “ಜೋಡಿ ಅಂದ್ಮೇಲೆ ಒಂಟಿ ಹೇಗೆ ಸಾರ್?” ‘ಬಿಡಿ ಜೋಡಿ’ ನಡೆಯುತ್ತಾ? ಮೈಸೂರು ಕಡೆ ಹಿಂದೆ ಕನ್ನಡದಲ್ಲೇ ವಿಜ್ಞಾನ ಪಾಠ ಮಾಡಿದ ಮೇಷ್ಟ್ರುಗಳು ಇವಕ್ಕೆಲ್ಲ ಏನನ್ನುತ್ತಿದ್ದರು, ಅವರ ಹತ್ತಿರ ಕಲಿತವರು ಯಾರಾದರೂ ಹೇಳಿ.