ಟ್ರೇಲ್‌ನಲ್ಲಿ ಗಾಳಿ ಇಳಿಸಿದ ಮೇಲೆ ಟಿಪಿಎಂಎಸ್ ಕಿರುಚಾಟ: ಅಲಾರಂ ಎಷ್ಟಕ್ಕೆ ಇಡಬೇಕು?

ಕೆಸರುಗಾಲಿ

ಗಾಡಿ ಥಾರ್, ಆಲ್-ಟೆರೇನ್ ಟೈರ್, ವಾಲ್ವ್ ಮೇಲೆ ಹೊರಗಿನಿಂದ ತಿರುಗಿಸಿ ಕೂರಿಸುವ ಸೆನ್ಸರ್‌ಗಳ ಟಿಪಿಎಂಎಸ್ (ಟೈರ್ ಗಾಳಿಯ ಒತ್ತಡದ ಮೇಲೆ ಕಣ್ಣಿಡುವ) ಕಿಟ್. ಬೆಂಗಳೂರಿನಲ್ಲಿ ಟೈರ್ ತಣ್ಣಗಿರುವಾಗ ನಾಲ್ಕಕ್ಕೂ 30 ಪಿಎಸ್‌ಐ. ಸಕಲೇಶಪುರ ಕಡೆ ಕೆಸರಿಗೆ ಇಳಿಯುವ ಮುಂಚೆ 18ಕ್ಕೆ ಇಳಿಸುತ್ತೇನೆ. ಕಿಟ್‌ನಲ್ಲಿ ಲೋ ಅಲಾರಂ 26ಕ್ಕೆ ಇರುವುದರಿಂದ ಟ್ರೇಲ್ ಪೂರ್ತಿ ಕಿರುಚುತ್ತದೆ. ಡಿಸೆಂಬರ್ ಬೆಳಿಗ್ಗೆ ಅಲ್ಲಿ ಗಾಳಿ ಇಳಿಸದೆಯೂ ಕೆಲವೊಮ್ಮೆ ಕೂಗುತ್ತದೆ. ಒಂದೇ ಸಲ 15ಕ್ಕೆ ಇಟ್ಟು ಬಿಟ್ಟರೆ ಆಗುತ್ತಾ? ಹೈ ಅಲಾರಂ, ಟೆಂಪರೇಚರ್ ಅಲಾರಂ ಎಷ್ಟಿರಬೇಕು? ಇನ್ನೊಂದು ವಿಷಯ, ಸೆನ್ಸರ್ ಯಾವಾಗಲೂ ಗೇಜ್‌ಗಿಂತ ಒಂದೂವರೆ ಪಿಎಸ್‌ಐ ಕಮ್ಮಿ ತೋರಿಸುತ್ತದೆ.

ಘಟ್ಟದಾರಿ

15ಕ್ಕೆ ಇಟ್ಟು ಬಿಡುವುದು ಬೇಡವೇ ಬೇಡ. ಹೈವೇಯಲ್ಲಿ ಗಾಳಿ ಕಮ್ಮಿಯಾದರೆ ಟೈರ್ ಸುತ್ತಿದಾಗಲೆಲ್ಲ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಮಡಚಿ ಮಡಚಿ ಒಳಗೇ ಬಿಸಿಯೇರುತ್ತದೆ. 100 ಕಿ.ಮೀ. ವೇಗದಲ್ಲಿ ನಿಮಗೆ 15 ಅಂತ ಗೊತ್ತಾಗುವ ಹೊತ್ತಿಗೆ ಆ ಟೈರ್ ಕಥೆ ಮುಗಿದಿರುತ್ತದೆ. ಟ್ರೇಲ್‌ನಲ್ಲಿ ವೇಗ ಇಲ್ಲ, ಬಿಸಿಯ ಭಯ ಇಲ್ಲ. ಅಲ್ಲಿ ಆಗುವ ಅನಾಹುತ ಅಂದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ಕೊರಕಲಿನಿಂದ ಹತ್ತುವಾಗ ಬೀಡ್, ಅಂದರೆ ರಿಮ್‌ಗೆ ಕಚ್ಚಿಕೊಂಡಿರುವ ಟೈರಿನ ಅಂಚು, ರಿಮ್‌ನಿಂದ ಕಳಚುವುದು. ಎರಡಕ್ಕೂ ಒಂದೇ ನಂಬರ್ ಹೊಂದುವುದಿಲ್ಲ.

ರಸ್ತೆಗೆ: ತಣ್ಣಗಿರುವಾಗಿನ ಗಾಳಿಯಿಂದ ಶೇ. 20 ಕಳೆಯಿರಿ. 30ಕ್ಕೆ 24 ಬರುತ್ತದೆ. ಅಮೆರಿಕದ ನಿಯಮದಲ್ಲಿ ಕಂಪನಿ ಸೂಚಿಸಿದ ಗಾಳಿ ಶೇ. 25 ಇಳಿದಾಗ ದೀಪ ಹತ್ತಬೇಕು ಅಂತಿದೆ, ಅದು ಇನ್ನೂ ಸಡಿಲ. ಹೈ ಅಲಾರಂ ತಣ್ಣನೆಯ ಗಾಳಿಗಿಂತ ಶೇ. 25 ಮೇಲೆ, ಅಂದರೆ 38ರ ಹತ್ತಿರ. ಟೈರಿನೊಳಗಿನ ಗಾಳಿ 27ರಿಂದ 57 ಡಿಗ್ರಿಗೆ ಏರಿದರೆ 30 ಇದ್ದದ್ದು 34 ದಾಟುತ್ತದೆ, ಇದು ಸಹಜ. ಹೈ ಅಲಾರಂ 34ಕ್ಕೆ ಇಟ್ಟವರು ಹಾಸನ ಮುಟ್ಟುವುದರೊಳಗೆ ಬೈಕೊಳ್ಳುತ್ತಾರೆ. ಬಿಸಿ ಟೈರಿನ ಗಾಳಿ ಬಿಟ್ಟು 30ಕ್ಕೆ ತರುವುದಂತೂ ಶುದ್ಧ ತಪ್ಪು.

ಟ್ರೇಲ್‌ಗೆ: 18ರಲ್ಲಿ ಓಡಿಸುವಾಗ ಲೋ ಅಲಾರಂ 15ರ ಆಸುಪಾಸು. ಬೀಡ್‌ಲಾಕ್ (ಬೀಡನ್ನು ರಿಮ್‌ಗೆ ಬಿಗಿದಿಡುವ ವ್ಯವಸ್ಥೆ) ಇಲ್ಲದ ರಿಮ್‌ನಲ್ಲಿ ಅದಕ್ಕಿಂತ ಕೆಳಗೆ ಹೋದಷ್ಟೂ ಟೈರ್ ಕಳಚುವ ಸಾಧ್ಯತೆ ಹೆಚ್ಚು. 17ಕ್ಕೆ ಇಟ್ಟರೆ ಹಳ್ಳದ ತಣ್ಣೀರಿಗೆ ಇಳಿದಾಗಲೇ ಕೂಗುತ್ತದೆ.

ಟೆಂಪರೇಚರ್ ಅಲಾರಂ 70 ಡಿಗ್ರಿಗೆ ಇಟ್ಟು ಮರೆತುಬಿಡಿ. ಹೊರಗಿನ ಸೆನ್ಸರ್‌ಗೆ ಸದಾ ಗಾಳಿ ಬಡಿಯುವುದರಿಂದ ಟೈರಿನೊಳಗಿನ ನಿಜವಾದ ಬಿಸಿ ಅದಕ್ಕೆ ಸಿಗುವುದಿಲ್ಲ.

ಸಮುದ್ರಮಟ್ಟ

ಆ ಒಂದೂವರೆ ಪಿಎಸ್‌ಐ ಬಗ್ಗೆ. ಕೆಲವು ಸೆನ್ಸರ್‌ಗಳು ಒಟ್ಟು ಒತ್ತಡ (ಹೊರಗಿನ ವಾಯುಭಾರವೂ ಸೇರಿ) ಅಳೆದು, ಅದರಿಂದ ಸಮುದ್ರಮಟ್ಟದ ವಾಯುಭಾರ 14.7 ಅನ್ನು ಕಣ್ಣುಮುಚ್ಚಿ ಕಳೆಯುತ್ತವೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ ವಾಯುಭಾರ 13.2ರ ಹತ್ತಿರ. ಕೊರತೆ ಬೀಳುವುದು ಸರಿಯಾಗಿ ಅಷ್ಟೇ. ಮಂಗಳೂರಿನಲ್ಲಿ ಗೇಜ್ ಜೊತೆ ಹೋಲಿಸಿ ನೋಡಿ, ಅಲ್ಲಿ ಎರಡೂ ಒಂದಾದರೆ ಸೆನ್ಸರ್ ಕೆಟ್ಟಿಲ್ಲ ಅಂತ ಅರ್ಥ. ಸಾದಾ ಗೇಜ್ ಹಾಗಲ್ಲ, ಅದು ತೋರಿಸುವುದು ಟೈರಿನ ಒಳಗಿನ ಒತ್ತಡಕ್ಕೂ ಅಲ್ಲಿನ ಹೊರಗಿನ ವಾಯುಭಾರಕ್ಕೂ ಇರುವ ವ್ಯತ್ಯಾಸ. ಅದೇ ಟೈರ್, ಅದೇ ಬಿಸಿ ಇದ್ದರೂ ಶಿರಾಡಿ ಘಾಟಿ ಇಳಿದರೆ ಒಂದೂವರೆ ಕಮ್ಮಿ ತೋರಿಸುತ್ತದೆ. ಮುಳ್ಳಯ್ಯನಗಿರಿ ತುದಿಯಲ್ಲಿ ಮಂಗಳೂರಿಗಿಂತ 3 ಜಾಸ್ತಿ.

ಅಲಾರಂ ಹೊಡೆಯುವುದು ಸೆನ್ಸರ್ ಕಂಡ ನಂಬರ್‌ಗೆ, ಗೇಜ್ ನಂಬರ್‌ಗೆ ಅಲ್ಲ. ಹಾಗಾಗಿ ಮೇಲಿನ ಲೆಕ್ಕದಿಂದ ಒಂದೂವರೆ ಕಳೆದು ಇಡಿ: ರಸ್ತೆಗೆ ಲೋ 23, ಹೈ 37, ಟ್ರೇಲ್‌ಗೆ ಲೋ 14. ಡಿಸೆಂಬರ್ ಕೂಗಾಟಕ್ಕೂ ಇದೇ ಉತ್ತರ. 28 ಡಿಗ್ರಿಯಲ್ಲಿ ತುಂಬಿದ 30, ಬೆಳಿಗ್ಗೆ 13 ಡಿಗ್ರಿಗೆ 28 ಆಗುತ್ತದೆ, ಸೆನ್ಸರ್ ಅದನ್ನು 26.5 ಅನ್ನುತ್ತದೆ. ವಾರದಲ್ಲಿ ಅರ್ಧ ಪಿಎಸ್‌ಐ ಸೋರಿದ್ದರೂ ಸಾಕು, 26ರ ಅಲಾರಂ ಬಡಿದುಕೊಳ್ಳುತ್ತದೆ.

ವಾಲ್ವ್‌ಪಿನ್ನು

ನನ್ನ ಮತ ಬೇರೆ. ಟ್ರೇಲ್‌ನಲ್ಲೂ 23 ಹಾಗೇ ಇರಲಿ, ಸದ್ದು ಮಾತ್ರ ಮ್ಯೂಟ್ ಮಾಡಿ. 14ಕ್ಕೆ ಇಳಿಸಿದವರಲ್ಲಿ ಅರ್ಧ ಜನ ವಾಪಸ್ ಏರಿಸುವುದು ಮರೆಯುತ್ತಾರೆ. ಗಾಳಿ ದಿಢೀರ್ ಸೋರಿದರೆ ಕೂಗುವ ಫಾಸ್ಟ್ ಲೀಕ್ ಅಲಾರಂ ಬಹಳಷ್ಟು ಕಿಟ್‌ಗಳಲ್ಲಿ ಲೋ ಅಲಾರಂಗೆ ಸಂಬಂಧವಿಲ್ಲದೆ ಕೆಲಸ ಮಾಡುತ್ತದೆ. ಪರೀಕ್ಷೆ ಸುಲಭ: ಮ್ಯೂಟ್ ಮಾಡಿ, ಒಂದು ಸೆನ್ಸರ್ ಬಿಚ್ಚಿ. ಕೆಲವೇ ಸೆಕೆಂಡುಗಳಲ್ಲಿ ಕೂಗಿದರೆ ನಂಬಬಹುದು.

ಹೊರಗಿನ ಸೆನ್ಸರ್‌ಗೆ ಇನ್ನೊಂದು ಕಾಟ ಇದೆ. ಅದು ವಾಲ್ವ್ ಪಿನ್ನನ್ನು ಸದಾ ಒತ್ತಿಕೊಂಡೇ ಕೂರುತ್ತದೆ. ಕಲ್ಲೋ ಬೇರೋ ತಗುಲಿ ಸೆನ್ಸರ್ ಓರೆಯಾದರೆ ಗಾಳಿ ಸೋರುವುದು ಅಲ್ಲಿಂದಲೇ, ಟೈರ್‌ಗೆ ಏನೂ ಆಗಿರುವುದಿಲ್ಲ. ಕೂರಿಸಿದ ಮೇಲೆ ಬುಡಕ್ಕೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದಾ ನೋಡಿ. ಕಳ್ಳರ ಭಯಕ್ಕೆ ಕೊಡುವ ಲಾಕ್‌ನಟ್ ಕೆಸರು ತಿಂದು ಹಿಡಿದುಕೊಳ್ಳುತ್ತದೆ. ಥ್ರೆಡ್‌ಗೆ (ತಿರುಪಿನ ಗೆರೆಗಳಿಗೆ) ಚೂರು ಸಿಲಿಕಾನ್ ಗ್ರೀಸ್ ಸವರಿ, ಅದರ ಸ್ಪ್ಯಾನರ್ ಗಾಡಿಯಲ್ಲೇ ಇರಲಿ. ಇಲ್ಲದಿದ್ದರೆ ಗಾಳಿ ಇಳಿಸಲೂ ಆಗದು, ತುಂಬಲೂ ಆಗದು.

ಕೆಸರುಗಾಲಿ

ಮ್ಯೂಟ್ ಮಾಡಿ ಬಿಚ್ಚಿ ನೋಡಿದೆ, ಕಿಟ್ ಕಮಕ್ ಕಿಮಕ್ ಅನ್ನಲಿಲ್ಲ. ನಂಬರ್ ಮಾತ್ರ ಸೊನ್ನೆಗೆ ಬಂತು.

ಘಟ್ಟದಾರಿ

ಹಾಗಾದರೆ ಮ್ಯೂಟ್ ದಾರಿ ನಿಮಗಲ್ಲ, 14ಕ್ಕೆ ಇಳಿಸಿ. ಸಾಮಾನ್ಯವಾಗಿ ಸೆಟ್ ಬಟನ್ ಒತ್ತಿಹಿಡಿದರೆ ಮೆನು ಬರುತ್ತದೆ, ಮುಂದಿನ ಮತ್ತು ಹಿಂದಿನ ಗಾಲಿಗಳಿಗೆ ಬೇರೆ ಬೇರೆ ಕೇಳಿದರೆ ಎರಡಕ್ಕೂ ಬದಲಿಸಬೇಕು. ಕೆಲವು ಕಿಟ್ 20ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ, ಅಂಥದ್ದಾದರೆ ಬದಲಿಸಿ.

ವಾಪಸಾಗುವಾಗ ಕಂಪ್ರೆಸರ್ ಹಚ್ಚುವ ಮೊದಲೇ ಅಲಾರಂ 23ಕ್ಕೆ ಏರಿಸಿಬಿಡಿ. ನಾಲ್ಕೂ ಗಾಲಿ ಕೆಂಪಾಗಿ ಕೂಗಲು ಶುರು ಮಾಡುತ್ತವೆ. ಒಂದೊಂದಕ್ಕೆ ತುಂಬಿ ಸೆನ್ಸರ್ ಕೂರಿಸಿದ ಹಾಗೆ ಒಂದೊಂದೇ ಸುಮ್ಮನಾಗಬೇಕು. ಕೂಗು ನಿಲ್ಲದ ಗಾಲಿಗೆ ಗಾಳಿ ಬಾಕಿ ಇದೆ, ಇಲ್ಲವೇ ಸೆನ್ಸರ್ ಸರಿ ಕೂತಿಲ್ಲ. ತುಂಬುವಾಗ ಟೈರ್ ಬೆಚ್ಚಗಿದ್ದರೆ ಗೇಜ್‌ನಲ್ಲಿ 31–32ಕ್ಕೆ ನಿಲ್ಲಿಸಿ, ಮಾರನೇ ಬೆಳಿಗ್ಗೆ ತಣ್ಣಗಾದ ಮೇಲೆ 30ಕ್ಕೆ ಸರಿಮಾಡಿ.